ಕುಡಿಯುವ ಮುಂಚೆ ಅಳಿಯ, ಕುಡಿದ ಮೇಲೆ ಮಾವ

ನಮ್ಮ ಮಾವನವರಿಗೆ, ಅಂದರೆ ನನ್ನ ಹೆಂಡತಿಯ ತಂದೆಗೆ, ಬಾರದ ರೋಗವೇ ಇರಲಿಲ್ಲ. ಹಾಸಿಗೆ ಹಿಡಿದು ಮಲಗಿದ್ದು ಮಾತ್ರ ಒಂದು ದಿನವೂ ಇಲ್ಲ. ಅವರಿಗೆ ಗಾಳಿಯಿಂದ ರೋಗ ಬರುತ್ತಿರಲಿಲ್ಲ, ನೀರಿನಿಂದ ಬರುತ್ತಿರಲಿಲ್ಲ, ಸೊಳ್ಳೆಯಿಂದಲೂ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಪತ್ರಿಕೆಯ ಕೊನೆಯ ಪುಟದಿಂದ. "ನಿಮಗೆ ಮುಂಜಾನೆ ಏಳಲು ಬೇಸರವೆ? ಊಟವಾದ ಮೇಲೆ ತೂಕಡಿಕೆಯೆ? ಮೇಲಧಿಕಾರಿಗಳನ್ನು ಕಂಡರೆ ಎದೆ ಹೊಡೆದುಕೊಳ್ಳುವುದೆ?" ಎಂದು ಅಲ್ಲಿ ದಪ್ಪಕ್ಷರದಲ್ಲಿ ಕೇಳಿರುತ್ತಿತ್ತು. ಈ ಮೂರೂ ಇಲ್ಲದ ಮನುಷ್ಯ ನಿಜಾಮರ ರಾಜ್ಯದಲ್ಲಿ ಆಗ ಯಾರಿದ್ದರು ಹೇಳಿ? ಉಳಿದವರು ಅದನ್ನು ಓದಿ, ಅದೇ ಕಾಗದದಲ್ಲಿ ಚುರಮುರಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ನಮ್ಮ ಮಾವನವರು ಮಾತ್ರ ಕನ್ನಡಕ ತೆಗೆದಿಟ್ಟು, ತಮ್ಮ ನಾಡಿಯನ್ನು ತಾವೇ ಹಿಡಿದು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತಿನ ಮೇಲೆ "ಅದ" ಅನ್ನುತ್ತಿದ್ದರು.

ಆ "ಅದ" ಕೇಳಿದೊಡನೆ ಒಳಗೆ ನಮ್ಮ ಅತ್ತೆಯವರು ಒಲೆಯ ಮುಂದೆ ಹಣೆ ಹಣೆ ಬಡಿದುಕೊಳ್ಳುತ್ತಿದ್ದರು. ಅಂದರೆ ಇನ್ನೊಂದು ಪಾರ್ಸಲ್ಲು ಬರುವುದು ನಿಶ್ಚಯವಾಯಿತು ಎಂದರ್ಥ.

ಮಾವನವರು ದೇವದುರ್ಗದ ತಹಸೀಲ ಕಚೇರಿಯಲ್ಲಿ ಪೇಷ್ಕಾರರು. ಸಾಹೇಬರ ಮುಂದೆ ಕಾಗದಪತ್ರ ಇಡುವುದು, ಅವರು ಸಹಿ ಮಾಡಿದ ಮೇಲೆ ಎತ್ತುವುದು, ಇದು ಕೆಲಸ. ಕಚೇರಿಗೆ ಉರ್ದು, ಮನೆಗೆ ಕನ್ನಡ, ಸಂಧ್ಯಾವಂದನೆಗೆ ಸಂಸ್ಕೃತ, ಬೈಯುವುದಕ್ಕೆ ತೆಲುಗು, ಹೀಗೆ ಭಾಷೆಗಳನ್ನು ಹಂಚಿ ಇಟ್ಟಿದ್ದರು. ಇಷ್ಟು ಭಾಷೆ ಬಂದರೆ ಬೇರೆಯವರು ಪಂಡಿತರಾಗುತ್ತಾರೆ, ಇವರು ರೋಗಿಯಾದರು. ಒಮ್ಮೆ ಉರ್ದು ಪತ್ರಿಕೆಯಲ್ಲಿ "ಜಿಗರ್ ಕೀ ಕಮಜೋರಿ" ಎಂದು ಓದಿ ಅದಕ್ಕೊಂದು ಶರಬತ್ತು ತರಿಸಿದರು. ಮರುವಾರ ಕನ್ನಡ ಪತ್ರಿಕೆಯಲ್ಲಿ "ಯಕೃತ್ತಿನ ಮಾಂದ್ಯ" ಕಾಣಿಸಿತು. ಅದಕ್ಕೊಂದು ಗುಳಿಗೆ ತರಿಸಿದರು. ಎರಡೂ ಒಂದೇ ರೋಗವಲ್ಲವೇ ಎಂದು ನಾನು ಮೆಲ್ಲಗೆ ಕೇಳಿದೆ.

"ಅಳಿಯಂದ್ರ, ನೀವು ಸಾಲಿ ಮಾಸ್ತರು, ನಿಮಗ ತಿಳೀಬೇಕು," ಎಂದರು. "ಅದು ಉರ್ದು ಜಡ್ಡು, ಇದು ಕನ್ನಡ ಜಡ್ಡು. ಎರಡಕ್ಕೂ ಒಂದೇ ಔಷಧ ಹೆಂಗ ನಡೀತದ?"

ನಾನು ಮಾನವಿ ಶಾಲೆಯ ಮಾಸ್ತರ. ಯಾವ ವ್ಯಾಕರಣದಲ್ಲೂ ಇದಕ್ಕೆ ಸೂತ್ರವಿಲ್ಲ.

ತಪ್ಪು ಪೂರ್ತಿ ಅವರದೂ ಅಲ್ಲವೆನ್ನಿ. ರಾಯಚೂರಿನ ಸ್ಟೇಷನ್ನಿಗೆ ಮುಂಬೈ ಕಡೆಯ ರೈಲೂ ಬರುತ್ತಿತ್ತು, ಮದ್ರಾಸ್ ಕಡೆಯ ರೈಲೂ ಬರುತ್ತಿತ್ತು. ಎರಡೂ ಕಡೆಯ ಕಂಪನಿಗಳ ಬಾಟ್ಲಿಗಳು ಅಲ್ಲಿ ಇಳಿದು, ಬಸ್ಸು ಹತ್ತಿ, ಕಲ್ಮಲ, ಗಬ್ಬೂರು ದಾಟಿ, ದೇವದುರ್ಗದ ಮಾವನವರ ಮನೆಯ ಗೂಡಿನಲ್ಲಿ ಬಂದು ಕೂಡುತ್ತಿದ್ದವು. ಅವರ ತಂದೆಯವರ ಕಾಲದಿಂದಲೂ ಇದ್ದ ಬಾಟ್ಲಿಗಳು ಬೇರೆ. ಅವುಗಳ ಮೇಲೆ ರಾಣಿಛಾಪ ರೂಪಾಯಿಯಲ್ಲಿರುವಂಥದೇ ರಾಣಿಯ ಮುಖ, ಸುತ್ತಲೂ ಬಂಗಾರ ಬಣ್ಣದ ಪದಕಗಳು, ಕೆಳಗೆ "ವಿಲಾಯಿತಿಯ ದೊರೆಗಳು ಮೆಚ್ಚಿದ್ದು" ಎಂಬ ಬರಹ. ಒಳಗಿನ ಔಷಧ ಯಾವಾಗಲೋ ಒಣಗಿ ಕಲ್ಲಾಗಿತ್ತು. ಆದರೂ ಮಾವನವರು ಅವನ್ನು ಬಿಸಾಡುತ್ತಿರಲಿಲ್ಲ. "ರಾಣಿ ಕುಂತಾಳ. ಆಕೀನ್ನ ಎಲ್ಲಿ ಒಗೀಲಿ?" ಎಂದು ಕೇಳುತ್ತಿದ್ದರು. ರಾಣಿ ಸತ್ತು ಎಷ್ಟೋ ಕಾಲವಾಗಿತ್ತು. ಅವಳ ಮರಿಮಗ ಗದ್ದುಗೆಯಲ್ಲಿದ್ದ, ಎರಡನೆಯ ಮಹಾಯುದ್ಧವೂ ಶುರುವಾಗಿತ್ತು. ನಮ್ಮ ಅತ್ತೆಯವರ ಗೂಡಿನಲ್ಲಿ ಮಾತ್ರ ಅವಳ ಆಳಿಕೆ ನಡೆದೇ ಇತ್ತು, ಉಪ್ಪಿನಕಾಯಿ ಭರಣಿಗೆ ಜಾಗವಿಲ್ಲದಂತೆ.

ಮದುವೆಯಾದ ಮೇಲೆ ಮೊದಲ ಸಲ ಅತ್ತೆಮನೆಗೆ ಹೋದಾಗ ನನಗೆ ಇದೊಂದೂ ಗೊತ್ತಿರಲಿಲ್ಲ. ಮುಂಜಾನೆ ಎದ್ದು ಹಲ್ಲುಜ್ಜಿ ಬಂದೆ. ಮಾವನವರು ಪಡಸಾಲೆಯಲ್ಲಿ ಮಣೆ ಹಾಕಿಸಿ ಕಾದಿದ್ದರು.

"ನಿದ್ದಿ ಛಂದ ಬಂತೇನ್ರಿ?"

"ಛಂದ ಬಂತ್ರಿ ಮಾವಾರ."

ಅವರ ಮುಖ ಸಣ್ಣದಾಯಿತು. "ಭಾಳ ಛಂದ ಬಂತೋ?"

"ಭಾಳ ಛಂದ ಬಂತ್ರಿ."

"ಅದ," ಎಂದರು ಮಾವನವರು. "ಹೊಸಾ ಜಾಗದಾಗ ಯಾರಿಗೂ ಅಷ್ಟ್ ಛಂದ ನಿದ್ದಿ ಬರಂಗಿಲ್ಲ. ನರ ಸೋತಾವ. ನಾಲಿಗಿ ತೋರಸ್ರಿ."

ಹೊಸ ಅಳಿಯ ಏನು ಮಾಡಬೇಕು? ಉಡುಗೊರೆ ಕೊಡುವ ಹೊತ್ತಿಗೆ ನಾಲಿಗೆ ಕೇಳಿದರು, ತೋರಿಸಿದೆ. ಅಂದಿನಿಂದ ನಾನು ಅತ್ತೆಮನೆಯಲ್ಲಿ ಉಂಡಿದ್ದಕ್ಕಿಂತ ಕುಡಿದದ್ದೇ ಹೆಚ್ಚು. ಕರಿ ಬಣ್ಣದ್ದೊಂದು, ಕೆಂಪು ಬಣ್ಣದ್ದೊಂದು, ಮೂಸಿ ನೋಡಿದರೆ ಕುದುರೆಲಾಯದ ನೆನಪು ಬರುವಂಥದ್ದೊಂದು. ಹೆಂಡತಿ ಪದ್ಮಾವತಿ ಬಾಗಿಲ ಹಿಂದೆ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅವಳು ಇವನ್ನೆಲ್ಲ ಹೇಗೆ ತಪ್ಪಿಸಿಕೊಂಡು ಬೆಳೆದಳು ಎಂದು ಆಮೇಲೆ ಕೇಳಿದೆ. "ತುಳಸಿಕಟ್ಟಿಗೆ ಹಾಕ್ತಿದ್ದೆ," ಎಂದಳು. ಹಾಗಾದರೆ ತುಳಸಿ ಹೇಗೆ ಬದುಕಿತು? "ಎಲ್ಲಿ ಬದುಕ್ತು? ವರ್ಷಕ್ಕೊಂದು ಹೊಸಾದು ಹಚ್ತಿದ್ವಿ."

ಆ ಕೆಂಪು ಬಣ್ಣದ ಔಷಧದ ಕತೆ ಬೇರೆಯೇ ಇದೆ. ಅದರ ಮೇಲೆ ದ್ರಾಕ್ಷಿ ಗೊಂಚಲಿನ ಚಿತ್ರವಿತ್ತು. ನಮ್ಮದು ವೈಷ್ಣವರ ಮನೆ. ಉಳ್ಳಾಗಡ್ಡಿ ಕೂಡ ಹೊಸಿಲು ದಾಟುವುದಿಲ್ಲ. ಅಂಥ ಮನೆಯಲ್ಲಿ ಮಾವನವರು ದಿನಾ ಸಂಜೆ ಕಚೇರಿಯಿಂದ ಬಂದು, ಕೈಕಾಲು ತೊಳೆದು, ಭಕ್ತಿಯಿಂದ ಒಂದು ಬಟ್ಟಲು ಅದನ್ನು ಸೇವಿಸುತ್ತಿದ್ದರು. ಸೇವಿಸಿದ ಮೇಲೆ ಕಚೇರಿಯಲ್ಲಿ ತಮಗೆ ಅನ್ಯಾಯ ಮಾಡಿದವರನ್ನೆಲ್ಲ ಒಬ್ಬೊಬ್ಬರಾಗಿ ಕ್ಷಮಿಸುತ್ತಿದ್ದರು. ಅದು ಏನೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಒಂದು ದಿನ ಅತ್ತೆಯವರು ಮೊಣಕಾಲು ನೋವೆಂದು ತಾವೂ ಒಂದು ಬಟ್ಟಲು ತೆಗೆದುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಹಿತ್ತಲಲ್ಲಿ ತಾಮ್ರದ ಹಂಡೆಯನ್ನು ಅಪ್ಪಿಕೊಂಡು ಕೂತು, ಅದಕ್ಕೆ ಜೋಗುಳ ಹಾಡುತ್ತಿದ್ದಾರೆ.

"ಮೊಣಕಾಲು ಹೆಂಗದ?" ಎಂದು ಮಾವನವರು ಕೇಳಿದರು.

"ಯಾರ ಮೊಣಕಾಲು?" ಎಂದರು ಅತ್ತೆಯವರು.

ಮಾವನವರು ನನ್ನ ಕಡೆ ತಿರುಗಿ, "ನೋಡಿದ್ರೇನು? ನೋವು ಎಲ್ಲದ ಅಂತ ಗುರ್ತ ಸುದ್ದಾ ಉಳಿದಿಲ್ಲ," ಎಂದರು. ಔಷಧದ ಗುಣವನ್ನು ಇದಕ್ಕಿಂತ ಚೆನ್ನಾಗಿ ಯಾವ ಕಂಪನಿ ಹೇಳೀತು?

ಆಮೇಲೆ ಕೂದಲಿನ ಎಣ್ಣೆ. ಮಾವನವರ ತಲೆ ಕಂಚಿನ ತಟ್ಟೆಯ ಹಾಗೆ ನುಣ್ಣಗಿತ್ತು. ಹಿಂದೆ ಒಂದು ಎಳೆ ಶಿಖೆ, ಅಷ್ಟೆ. ಯಾವುದೋ ಪಂಚಾಂಗದಲ್ಲಿ ಹಿಮ್ಮಡಿವರೆಗೆ ಕೂದಲು ಇಳಿಬಿಟ್ಟ ಹೆಂಗಸಿನ ಚಿತ್ರ ನೋಡಿದರು. ಪಂಚಾಂಗ ಅಂದ ಮೇಲೆ ಶಾಸ್ತ್ರ, ಶಾಸ್ತ್ರ ಅಂದ ಮೇಲೆ ಸತ್ಯ. ಎಣ್ಣೆ ಬಂತು. ಹಚ್ಚಿಕೊಂಡು ಬಿಸಿಲಿಗೆ ಕೂರಬೇಕೆಂದು ಬರೆದಿತ್ತು. ಹಿತ್ತಲಲ್ಲಿ ಎಮ್ಮೆಯ ಕೊಟ್ಟಿಗೆಯ ಪಕ್ಕ ಕೂತರು. ಎಣ್ಣೆಗೆ ಏನು ಬೆರೆಸಿದ್ದರೋ ಕಾಣೆ, ಎಮ್ಮೆಕರು ಬಂದು ಅವರ ತಲೆ ನೆಕ್ಕಲು ಸುರುಮಾಡಿತು. ಕಣ್ಣು ಮುಚ್ಚಿ ಕೂತಿದ್ದ ಮಾವನವರಿಗೆ ಎಣ್ಣೆ ಕೆಲಸ ಮಾಡುತ್ತಿರುವ ಹಾಗೆ ಅನಿಸಿತಂತೆ. "ಬೇರು ಬಿಡಾಕತ್ತಾವ, ಜುಮ್ ಅಂತದ," ಎಂದು ಒಳಗೆ ಕೂಗಿ ಹೇಳಿದರು. ಅತ್ತೆಯವರು ಹೊರಗೆ ಬಂದು ನೋಡಿ, ಬಂದ ಹಾಗೆಯೇ ಒಳಗೆ ಹೋದರು. ಒಂದು ತಿಂಗಳು ಎಣ್ಣೆ ಹಚ್ಚಿದ್ದರ ಫಲವಾಗಿ ಕೂದಲು ಬರಲಿಲ್ಲ, ಇದ್ದ ಶಿಖೆಯೂ ಕರುವಿನ ಪಾಲಾಗಿ ಅರ್ಧವಾಯಿತು. ಕರು ಮಾತ್ರ ಮೈತುಂಬ ಮಿರಿಮಿರಿ ಕೂದಲು ಬಿಟ್ಟು ನೋಡುವ ಹಾಗಾಯಿತು. "ಎಣ್ಣಿ ಖರೇ ಅದ," ಎಂದರು ಮಾವನವರು. "ಹಚ್ಚೋದಲ್ಲ, ಕುಡೀಬೇಕಿತ್ತು."

ಇನ್ನು ವಿದ್ಯುತ್ತಿನ ಪಟ್ಟಿ. ರಾಯಚೂರಿನಲ್ಲಿ ರೈಲ್ವೆ ಗಾರ್ಡೊಬ್ಬರು ಕೆಲಸ ಮುಗಿಸಿ ಊರು ಬಿಡುವಾಗ ಮಾವನವರಿಗೆ ಕೊಟ್ಟದ್ದು. ಅದೂ ರಾಣಿಯ ಕಾಲದ್ದೇ. ಚರ್ಮದ ಪಟ್ಟಿಗೆ ತಾಮ್ರದ ಬಿಲ್ಲೆಗಳನ್ನು ಜೋಡಿಸಿತ್ತು. ಅದನ್ನು ಹುಳಿಯಲ್ಲಿ ನೆನೆಸಿ ನಡುವಿಗೆ ಬಿಗಿದರೆ ಮೈಯೊಳಗೆ ವಿದ್ಯುತ್ ಹರಿದು ಮುದುಕ ಹುಡುಗನಾಗುತ್ತಾನಂತೆ. ವಿಲಾಯಿತಿಯಲ್ಲಿ ಯಾವ ಹುಳಿ ಹಾಕುತ್ತಿದ್ದರೋ, ದೇವದುರ್ಗದಲ್ಲಿ ಹುಣಸೆಹುಳಿ ಹಾಕಿದರು. ದಿನವಿಡೀ ಆ ಪಟ್ಟಿ ಕಟ್ಟಿಕೊಂಡೇ ಕಚೇರಿಗೆ ಹೋಗಿಬರುತ್ತಿದ್ದರು.

"ತಾಮ್ರಕ್ಕ ಹುಣಸಿ ಹಚ್ಚಿದ್ರ ಬೆಳಗ್ತದ," ಎಂದು ಅತ್ತೆಯವರು ನನ್ನ ಮುಂದೆ ನಿಟ್ಟುಸಿರು ಬಿಟ್ಟರು. "ಗಂಡನ್ನ ಬೆಳಗಬೇಕಂದ್ರ ಏನ್ ಹಚ್ಚಬೇಕೋ ಯಾರೂ ಹೇಳವಲ್ರು."

ಒಂದು ಸಲ ಮಾವನವರು ನನ್ನನ್ನೂ ಕರೆದುಕೊಂಡು ಹೊಳೆದಂಡೆಯ ಗೂಗಲ್ ಎಂಬ ಊರಿಗೆ ಹೋದರು. ಕೃಷ್ಣೆಯಲ್ಲಿ ಸ್ನಾನ ಮಾಡಿ ಅಲ್ಲಮಪ್ರಭುವಿನ ಗುಡಿ ನೋಡಿ ಬರುವುದೆಂದು. ಹೊಳೆಯ ದಂಡೆಯಲ್ಲಿ ಅಂಗಿ ಬಿಚ್ಚಿದರು. ಬಿಸಿಲಿಗೆ ನಡುವಿನ ಬಿಲ್ಲೆಗಳು ಥಳಥಳ ಹೊಳೆದವು. ಎತ್ತಿನ ಮೈ ತೊಳೆಯುತ್ತಿದ್ದ ರೈತನೊಬ್ಬ ಅದನ್ನು ಕಂಡು ಎತ್ತು ಬಿಟ್ಟು ಬಂದು ಕೈ ಮುಗಿದ.

"ಯಪ್ಪಾ, ಇದು ಯಾವ ದೇವರ ಕಟ್ಟು?"

"ದೇವರದಲ್ಲಪಾ. ಇದರಾಗ ಇಜ್ಜಲಿ ಅದ," ಎಂದರು ಮಾವನವರು. ಬಿಜಲಿ ಎನ್ನುವುದಕ್ಕೆ ಹೋಗಿ ಬಾಯಿ ತಪ್ಪಿ ಇಜ್ಜಲಿ, ಅಂದರೆ ಇದ್ದಲಿ, ಎಂದುಬಿಟ್ಟಿದ್ದರು.

"ಇಜ್ಜಲಿ?" ರೈತ ಬೆರಗಾಗಿ ನೋಡಿದ. "ನಡಕ್ಕ ಕಟ್ಟಿಗೊಂಡೀರಿ, ಚಾ ಕಾಸಾಕೇನು?"

ನಾನು ನೀರಿನಲ್ಲಿ ಮುಳುಗಿದವನು ಉಸಿರು ಕಟ್ಟುವ ತನಕ ಮೇಲೆ ಬರಲಿಲ್ಲ. ಆದರೆ ಒಂದು ಮಾತು ಹೇಳಬೇಕು. ದೇವದುರ್ಗಕ್ಕೆ ಕರೆಂಟು ಬಂದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಮಾವನವರ ನಡುವಿಗೆ ಅದು ಮೊದಲೇ ಬಂದಿತ್ತು.

ಇಲ್ಲಿಯ ತನಕ ಎಲ್ಲವೂ ನಗುವ ಮಾತು. ಇನ್ನು ನನ್ನ ಮಾನ ಹೋದ ಕತೆಗೆ ಬರುತ್ತೇನೆ.

ಆನೆ ಚಿತ್ರದ ಒಂದು ರಸಾಯನವಿತ್ತು. ಮಾವನವರಿಗೆ ಅದರ ಮೇಲೆ ಬಹಳ ಪ್ರೀತಿ. ಅದರಿಂದ ತಮಗೆ ಗುಣವಾಯಿತೆಂದು ಕಂಪನಿಗೆ ಬರೆದರು. ಕಂಪನಿಯವರು ಬಹಳ ಸಂತೋಷಪಟ್ಟು, "ತಾವು ರಸಾಯನ ಕುಡಿಯುವ ಮುಂಚಿನ ಒಂದು ಫೋಟೋ, ಕುಡಿದ ಮೇಲಿನ ಒಂದು ಫೋಟೋ ಕಳಿಸಿದರೆ ನಮ್ಮ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸುತ್ತೇವೆ" ಎಂದು ತಿಳಿಸಿದರು. ಕುಡಿದ ಮೇಲಿನ ಫೋಟೋಕ್ಕೇನು, ಮಾವನವರು ದುಂಡಗೆ, ಕೆಂಪಗೆ, ಹೊಟ್ಟೆ ಮುಂದೆ ಮಾಡಿಕೊಂಡು ಇದ್ದೇ ಇದ್ದರು. ತೊಂದರೆ ಬಂದದ್ದು ಕುಡಿಯುವ ಮುಂಚಿನದಕ್ಕೆ. ಹುಟ್ಟಿದಂದಿನಿಂದ ಅವರು ಹಾಗೆಯೇ ದುಂಡಗಿದ್ದರು.

ಆಗ ಅವರ ದೃಷ್ಟಿ ನನ್ನ ಮೇಲೆ ಬಿತ್ತು.

ನಾನು ಆಗ ಎಷ್ಟು ತೆಳ್ಳಗಿದ್ದೆನೆಂದರೆ, ಹಲಗೆಗೆ ಅಡ್ಡ ನಿಂತರೂ ಹುಡುಗರಿಗೆ ಲೆಕ್ಕ ಪೂರ್ತಿ ಕಾಣುತ್ತಿತ್ತು. "ಅಳಿಯಂದ್ರ, ಅಳಿಯ-ಮಾವ ಕೂಡಿ ರಾಯಚೂರಾಗ ಒಂದು ಫೋಟೋ ತಗಸೋಣು" ಎಂದು ಹೇಳಿ ಕಳಿಸಿದರು. ಮಾವನವರ ಪ್ರೀತಿಗೆ ಕರಗಿ, ಮಾನವಿಯಿಂದ ಬಸ್ಸು ಹತ್ತಿದೆ. ಅಂದು ಏಕಾದಶಿ. ನಿರಾಹಾರ. ಅದನ್ನು ಅವರು ಪಂಚಾಂಗ ನೋಡಿಯೇ ಗೊತ್ತುಮಾಡಿದ್ದರೆಂಬುದು ನನಗೆ ತಿಳಿದದ್ದು ಆಮೇಲೆ. ಬಸ್ಸೋ, ಯುದ್ಧಕಾಲದ ಇದ್ದಲಿ ಬಸ್ಸು. ಪೆಟ್ರೋಲಿಲ್ಲದೆ ಇದ್ದಲಿಯ ಹೊಗೆಯಿಂದ ಓಡುತ್ತಿತ್ತು. ಏರು ಬಂದಲ್ಲೆಲ್ಲ ನಾವೇ ಇಳಿದು ತಳ್ಳಬೇಕು. ಉಪವಾಸದಲ್ಲಿ ಬಸ್ಸು ತಳ್ಳಿ, ಮುಖಕ್ಕೆ ಮಸಿ ಬಳಿದುಕೊಂಡು ನಾನು ಸ್ಟುಡಿಯೋ ಮುಟ್ಟಿದಾಗ ಮಾವನವರ ಮುಖದಲ್ಲಿ ಎಂಥ ಸಂತೋಷ! ಮುಖ ತೊಳೆಯುವುದಕ್ಕೂ ಬಿಡಲಿಲ್ಲ.

"ಮೊದಲು ನಿಮ್ಮದೊಂದು ಬ್ಯಾರೇನ ತಗಸೋಣು. ಅಂಗಿ ತಗೀರಿ. ಬೆಳಕು ಛಲೋ ಬೀಳ್ತದ."

ಬೆಳಕಿಗೂ ಅಂಗಿಗೂ ಏನು ಸಂಬಂಧ ಎಂದು ಕೇಳುವಷ್ಟು ತ್ರಾಣ ನನ್ನಲ್ಲಿರಲಿಲ್ಲ.

"ಸ್ವಲ್ಪ ಬಗ್ಗರಿ. ಹಾಂ. ಈಗ ಕೆಮ್ಮರಿ ನೋಡೋಣು."

"ಫೋಟೋದಾಗ ಕೆಮ್ಮು ಕಾಣಂಗಿಲ್ಲಲ್ರಿ ಮಾವಾರ?"

"ನೀವು ಕೆಮ್ಮರಿ, ಕಾಣ್ತದ."

ಕೆಮ್ಮಿದೆ. ಕಂಡಿತು.

ಮಾವನವರು ತಮ್ಮ ಫೋಟೋ ಮಾತ್ರ ಮರುದಿನಕ್ಕೆ ಇಟ್ಟುಕೊಂಡರು. ದ್ವಾದಶಿ ಪಾರಣೆ ಮುಗಿಸಿ, ಹೋಳಿಗೆ ಉಂಡು, ಜರಿ ರುಮಾಲು ಕೈಯಲ್ಲಿ ಹಿಡಿದು, ಮೀಸೆ ತಿರುವಿ ನಿಂತರು. ಅಳಿಯ-ಮಾವ ಕೂಡಿದ ಫೋಟೋದ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಯುಗಾದಿಯ ಹೊತ್ತಿಗೆ ಕ್ಯಾಲೆಂಡರು ಬಂತು. ಮಾನವಿಯ ಕಿರಾಣಿ ಅಂಗಡಿಗಳಲ್ಲಿ ಸಕ್ಕರೆ ಕೊಂಡವರಿಗೂ ಕೊಟ್ಟರು, ಸಕ್ಕರೆ ಇಲ್ಲವೆನಿಸಿಕೊಂಡು ಬರಿಗೈಯಲ್ಲಿ ಹೋದವರಿಗೂ ಕೊಟ್ಟರು. ನಡುವೆ ಆನೆ. ಆನೆಯ ಎಡಕ್ಕೆ ಅಂಗಿಯಿಲ್ಲದೆ, ಎಲುಬು ಎಣಿಸುವ ಹಾಗೆ, ಮಸಿ ಮುಖದಲ್ಲಿ ಕೆಮ್ಮುತ್ತ ನಾನು: "ಕುಡಿಯುವ ಮುಂಚೆ." ಆನೆಯ ಬಲಕ್ಕೆ ಮಾವನವರು: "ಕುಡಿದ ಮೇಲೆ, ಅದೇ ವ್ಯಕ್ತಿ." ಮೇಲೆ ದಪ್ಪಕ್ಷರದಲ್ಲಿ: "ಪುರುಷರೇ, ಶಕ್ತಿಹೀನತೆಯೆ? ದಾಂಪತ್ಯದಲ್ಲಿ ನಿರುತ್ಸಾಹವೆ?"

ಹೊಸದಾಗಿ ಮದುವೆಯಾದ ಶಾಲಾಮಾಸ್ತರ ಇದನ್ನು ಎಲ್ಲಿ ಮುಚ್ಚಿಡಬೇಕು?

ಕ್ಷೌರದಂಗಡಿಯಲ್ಲಿ ಅದನ್ನು ಕನ್ನಡಿಯ ಪಕ್ಕದಲ್ಲೇ ತೂಗುಹಾಕಿದ್ದರು. ಕ್ಷೌರಿಕ ಕತ್ತರಿ ಕೈಯಲ್ಲಿ ಹಿಡಿದು ನನ್ನನ್ನೂ ನೋಡಿದ, ಗೋಡೆಯನ್ನೂ ನೋಡಿದ.

"ಮಾಸ್ತರ, ಇನ್ನ ಕುಡದಿಲ್ಲೇನ್ರಿ?"

"ಆ ಬಲಗಡಿ ಇರೋದು ನಾನಲ್ಲಪಾ, ನಮ್ಮ ಮಾವ."

ಅವನು ಯೋಚಿಸಿ ತಲೆಯಾಡಿಸಿದ. "ಬ್ಯಾಡ್ರಿ, ಕುಡೀಬ್ಯಾಡ್ರಿ. ಶಕ್ತಿ ಬರ್ತದ ಖರೇ. ಆದ್ರ ನೋಡ್ರಿ, ಕೂದಲಾ ಎಲ್ಲಾ ಹೋಗ್ಯಾವ, ವಯಸ್ಸೂ ಆಗಿಬಿಟ್ಟದ."

ಹೆಡ್‌ಮಾಸ್ಟರ್ ಸಾಹೇಬರು ನನ್ನನ್ನು ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, "ತಬಿಯತ್ ನೋಡಿಕೊಳ್ರಿ ಮಾಸ್ಟರ್ ಸಾಬ್, ಬೇಕಾದ್ರ ರಜಾ ತಗೋರಿ" ಎಂದರು. ಪಕ್ಕದ ಮನೆಯ ಮುದುಕಿ ಯಾರಿಗೂ ಕಾಣದಂತೆ ಒಂದು ಬಟ್ಟಲು ತುಪ್ಪ ಕೊಟ್ಟು ಹೋದಳು. ನನ್ನ ತಾಯಿಗೆ ಓದು ಬರದು. ಮಗನ ಫೋಟೋ ಅಚ್ಚಾಗಿದೆ, ಜೊತೆಗೆ ಆನೆಯೂ ಇದೆ ಎಂದು ಆ ಕ್ಯಾಲೆಂಡರನ್ನು ದೇವರ ಕೋಣೆಯ ಬಾಗಿಲಿಗೇ ಹಚ್ಚಿ, ಬಂದವರಿಗೆಲ್ಲ ತೋರಿಸಿದಳು. ಬಂದವರು ಓದಿಕೊಂಡು, ನನ್ನ ಹೆಂಡತಿಯ ಮುಖವನ್ನು ಕನಿಕರದಿಂದ ನೋಡಿ ಹೋದರು.

ಪದ್ಮಾವತಿ ನಗುವ ಹೆಂಗಸು. ಆದರೆ ಆ ದಿನ ನಗಲಿಲ್ಲ. ಮರುದಿನವೇ ನನ್ನನ್ನು ಎಬ್ಬಿಸಿಕೊಂಡು ದೇವದುರ್ಗಕ್ಕೆ ಹೊರಟಳು. ಮಾವನವರು ಬಾಗಿಲಲ್ಲೇ ಎದುರಾದರು. ಕೈಯಲ್ಲಿ ಅದೇ ಕ್ಯಾಲೆಂಡರು.

"ಬರ್ರಿ ಬರ್ರಿ ಅಳಿಯಂದ್ರ. ನೋಡಿದ್ರೇನು? ಹೈದರಾಬಾದಿನ ತನಕ ನಿಮ್ಮ ಹೆಸರಾತು."

"ಅಪ್ಪಾ," ಎಂದಳು ಪದ್ಮಾವತಿ. "ನನ್ನ ಗಂಡನ್ನ ಊರ ಮುಂದ ಬತ್ತಲೆ ನಿಲ್ಲಿಸಿದಿ. ನಾ ಯಾರ ಮುಂದ ಮುಖ ತೋರಸ್ಲಿ?"

ಮಾವನವರಿಗೆ ಅರ್ಥವೇ ಆಗಲಿಲ್ಲ. "ಬತ್ತಲೆ ಎಲ್ಲದ? ಧೋತ್ರ ಅದಲ್ಲ," ಎಂದು ಕ್ಯಾಲೆಂಡರು ನೋಡಿದರು. ಆಮೇಲೆ ಮೇಲಿನ ದಪ್ಪಕ್ಷರಗಳನ್ನು ಮೊದಲ ಸಲ ಓದುವವರ ಹಾಗೆ ಓದಿದರು. ಅವರ ಕಿವಿ ಕೆಂಪಾಯಿತು. ನನ್ನ ಕಡೆ ನೋಡಿ, "ನಿಮಗ ಬ್ಯಾಸರಾತೇನ್ರಿ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

ನಾನು ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತು ನಿಂತಿತು. ಬೇಸರ ತೆಗೆಯಲೆಂದು ಅವರು ಏನು ಕಳಿಸಿದರು ಗೊತ್ತೇ? ಅದೇ ರಸಾಯನದ ಬಾಟ್ಲಿ. ಅದನ್ನು ತೆರೆಯದೆ ಹಾಗೆಯೇ ಹಿಂದಕ್ಕೆ ಕಳಿಸಿದೆ.

ಮಳೆಗಾಲ ಕಳೆಯಿತು. ಮಾನವಿಯಲ್ಲಿ ಆ ವರ್ಷ ಮನೆಮನೆಗೂ ಚಳಿಜ್ವರ. ಪದ್ಮಾವತಿಯೂ ಮಲಗಿದಳು. ದಿನ ಬಿಟ್ಟು ದಿನ ನಡುಕ ಬರುವುದು. ಮನೆಯ ಕೌದಿಗಳನ್ನೆಲ್ಲ ಹೊದಿಸಿದರೂ ಹಲ್ಲು ಕಟಕಟ ಎನ್ನುವುದು. ಆಮೇಲೆ ಮೈ ಕೆಂಡವಾಗುವುದು. ದವಾಖಾನೆಯ ಡಾಕ್ಟರು ಕೈ ಚೆಲ್ಲಿದರು. "ಇದಕ್ಕೆ ಕ್ವಿನೈನ್ ಬೇಕ್ರಿ. ಯುದ್ಧ ಸುರು ಆದಾಗಿನಿಂದ ಕ್ವಿನೈನ್ ಬರವಲ್ದು. ರಾಯಚೂರಿನ ದೊಡ್ಡ ದವಾಖಾನಿಯೊಳಗ ಇದ್ರ ಇರಬೇಕು. ಅಲ್ಲೂ ಕೊಡ್ತಾರ ಅಂತ ಹೇಳಂಗಿಲ್ಲ." ಅವಳನ್ನು ಬಿಟ್ಟು ನಾನು ರಾಯಚೂರಿಗೆ ಹೋಗುವುದು ಹೇಗೆ? ನನ್ನ ತಾಯಿಯೂ ಪಕ್ಕದ ಕೋಣೆಯಲ್ಲಿ ಅದೇ ಜ್ವರದಲ್ಲಿ ಮಲಗಿದ್ದಳು. ಬಸ್ಸಿನ ಡ್ರೈವರನ ಕೈಯಲ್ಲಿ ದೇವದುರ್ಗಕ್ಕೆ ಹೇಳಿ ಕಳಿಸಿದೆ. ಕಳಿಸಿದ ಮೇಲೆ ನನಗೇ ಹೆದರಿಕೆಯಾಯಿತು. ಮಾವನವರು ಇನ್ನು ಗೂಡನ್ನೇ ಕಿತ್ತುಕೊಂಡು ಬರುತ್ತಾರೆ. ಕರಿಯದು, ಕೆಂಪಿನದು, ರಾಣಿಯದು, ಆನೆಯದು ಎಲ್ಲವನ್ನೂ ಆ ಬಡಜೀವಕ್ಕೆ ಕುಡಿಸುತ್ತಾರೆ. ಹೊಸಿಲಲ್ಲೇ ತಡೆಯಬೇಕು, ಒಂದು ಹನಿಯೂ ಒಳಗೆ ಬರಬಾರದು ಎಂದು ಗಟ್ಟಿ ಮಾಡಿಕೊಂಡೆ. ಏನು ಹೇಳಬೇಕೆಂದು ಮಾತುಗಳನ್ನೂ ಜೋಡಿಸಿ ಇಟ್ಟುಕೊಂಡೆ. ಒಂದಕ್ಕಿಂತ ಒಂದು ಕಹಿಯಾದ ಮಾತು.

ಮರುದಿನ ಬರಲಿಲ್ಲ. ಅದರ ಮರುದಿನ ಮಧ್ಯಾಹ್ನ ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಅವರ ಕೈಯಲ್ಲಿ ಏನೂ ಇರಲಿಲ್ಲ. ಗಂಟಿಲ್ಲ, ಚೀಲವಿಲ್ಲ, ಒಂದು ಬಾಟ್ಲಿಯೂ ಇಲ್ಲ. ರುಮಾಲು ಕಳೆದಿತ್ತು. ಧೋತ್ರ ಮೊಣಕಾಲ ತನಕ ಕೆಸರಾಗಿತ್ತು. ಅಂಗಿಯ ಒಳಕಿಸೆಯಿಂದ ಒಂದು ಸಣ್ಣ ಕಾಗದದ ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟರು.

"ಕ್ವಿನೈನ್. ದೊಡ್ಡ ದವಾಖಾನಿದು. ಡಾಕ್ಟರ್ ತಮ್ಮ ಕೈಲೇ ಕೊಟ್ಟಾರ. ಮೊದಲು ಆಕಿಗೆ ಕೊಡ್ರಿ, ಆಮ್ಯಾಲ ಮಾತಾಡೋಣು."

ಕೊಟ್ಟೆ. ಬೀಗಿತ್ತಿಗೂ ಕೊಡಿರಿ ಎಂದರು, ತಾಯಿಗೂ ಕೊಟ್ಟೆ. ಆಮೇಲೆ ತಿಳಿಯಿತು. ಸುದ್ದಿ ಮುಟ್ಟಿದ ಕೂಡಲೇ ಅವರು ಮಾನವಿಗೆ ಬರದೆ ನೇರ ರಾಯಚೂರಿಗೆ ಹೋಗಿದ್ದಾರೆ. ಕ್ವಿನೈನ್ ಇಲ್ಲ ಎಂದರೂ ಡಾಕ್ಟರ ಬಾಗಿಲು ಬಿಟ್ಟು ಎದ್ದಿಲ್ಲ. ಜನ್ಮದಲ್ಲಿ ಒಬ್ಬ ಡಾಕ್ಟರನಿಗೂ ನಾಲಿಗೆ ತೋರಿಸದ ಮನುಷ್ಯ, ಅಲ್ಲಿ ಎಲ್ಲರ ಮುಂದೆ ಕೈಜೋಡಿಸಿ ನಿಂತಿದ್ದಾರೆ. ಕೊನೆಗೆ ಡಾಕ್ಟರೇ ಒಳಗಿನಿಂದ ತಂದು ಕೊಟ್ಟಿದ್ದಾರೆ. ಬರುವಾಗ ಬಸ್ಸು ಕಲ್ಮಲದ ಆಚೆ ಕೆಟ್ಟು ನಿಂತಿದೆ. ಉಳಿದ ದಾರಿ ಒಂದಷ್ಟು ಯಾರದೋ ಬಂಡಿ, ಒಂದಷ್ಟು ನಡಿಗೆ.

ಜೋಡಿಸಿ ಇಟ್ಟುಕೊಂಡ ಮಾತುಗಳನ್ನೆಲ್ಲ ನುಂಗಿಕೊಂಡೆ. ಏನೋ ಕೇಳಬೇಕೆಂದು ಕೇಳಿದೆ: "ನಿಮ್ಮ ಔಷಧ ಏನೂ ತರಲಿಲ್ಲೇನ್ರಿ ಮಾವಾರ?"

ಅವರು ನನ್ನನ್ನು ದಡ್ಡ ಹುಡುಗನನ್ನು ನೋಡುವ ಹಾಗೆ ನೋಡಿದರು.

"ಅವು ಜಡ್ಡಿಲ್ಲದೋರಿಗ್ರೀ," ಎಂದರು. "ನನ್ನ ಮಗಳಿಗೆ ಖರೇನ ಜಡ್ಡಾಗ್ಯದ."

ಎರಡು ದಿನ ಅವರು ಮಗಳ ತಲೆದೆಸೆ ಬಿಟ್ಟು ಏಳಲಿಲ್ಲ. ನಡುಕ ಬರುವ ಹೊತ್ತಿಗೆ ಅವಳ ಕೈ ಹಿಡಿದುಕೊಂಡು, ಬಾಗಿಲ ಕಡೆಯೇ ನೋಡುತ್ತ ಕೂರುತ್ತಿದ್ದರು. ನಡುಕ ಬರಲಿಲ್ಲ. ಒಂದು ಬೆಳಿಗ್ಗೆ ಪದ್ಮಾವತಿಯ ಮೈ ಬೆವರಿ ತಣ್ಣಗಾಯಿತು. ಕಣ್ಣು ತೆರೆದು, "ಅಪ್ಪಾ, ಬಾಯಿ ಕಹಿ ಆಗ್ಯದ," ಎಂದಳು. ಅವರು ಒಂದು ಚೂರು ಬೆಲ್ಲ ಅವಳ ತುಟಿಗೆ ಇಟ್ಟು, ಧೋತ್ರದ ಚುಂಗಿನಿಂದ ಅವಳ ಹಣೆ ಒರೆಸಿದರು. ಎದ್ದು ಅಂಗಳಕ್ಕೆ ಬಂದು, ಕಟ್ಟೆಯ ಮೇಲೆ ಕಾಲು ಚಾಚಿ ಕೂತರು.

ಆಗ ನಾನು ಅವರ ಪಾದ ನೋಡಿದ್ದು. ಚಪ್ಪಲಿಯ ಉಂಗುಟ ಕಿತ್ತುಹೋಗಿ ಬರಿಗಾಲಲ್ಲಿ ನಡೆದಿದ್ದರು. ಬೊಬ್ಬೆ ಒಡೆದು ಎರಡೂ ಪಾದ ಹುಣ್ಣಾಗಿದ್ದವು. ಈ ಎರಡು ದಿನ ಅವನ್ನು ಧೋತ್ರದಲ್ಲಿ ಮುಚ್ಚಿಕೊಂಡು ಕೂತಿದ್ದರು.

ಮದುವೆಯಲ್ಲಿ ಮಾವ ಅಳಿಯನ ಕಾಲು ತೊಳೆಯುವುದು ಪದ್ಧತಿ. ನಾನು ಒಳಗಿನಿಂದ ಬಿಸಿನೀರು ತಂದು ಅವರ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ಅಳಿಯಂದ್ರ, ಇದೇನ್ರಿ ಇದು, ಬ್ಯಾಡ," ಎಂದು ಕಾಲು ಎಳೆದುಕೊಂಡರು.

"ಸುಮ್ಕಿರ್ರಿ," ಎಂದು ಹಿಡಿದುಕೊಂಡೆ. ನೀರು ಹಾಕುತ್ತ ಕೇಳಿದೆ: "ಭಾಳ ನೋಯ್ತದೇನ್ರಿ ಮಾವಾರ?"

"ನನಗೇನಾಗ್ಯದ?" ಎಂದರು ಮಾವನವರು. "ನಾ ಗಟ್ಟಿ ಅದೀನಿ. ನೀವು ಒಳಗ ಹೋಗ್ರಿ, ಅಲ್ಲಿ ನನ್ನ ಕೂಸು ಒಂದೇ ಅದ."